ಅಯೋರ್ಟಾ ಮಾದರಿ: ಗ್ರಾಫ್ಟ್ ತುಂಡು ಜೋಡಿಸಿದ ಮೇಲೆ

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಅಯೋರ್ಟಾದ ಮಾದರಿಯೊಂದನ್ನು ರಬ್ಬರಿನಲ್ಲಿ ಮಾಡಿದ್ದೆ. ಅದಕ್ಕೆ ಕೊನೆಗೂ ಗ್ರಾಫ್ಟ್, ಅಂದರೆ ಹಾಳಾದ ರಕ್ತನಾಳದ ಜಾಗಕ್ಕೆ ಹಾಕುವ ಕೃತಕ ಕೊಳವೆ, ಜೋಡಿಸಿದೆ. ಉಳಿದ ಜೋಡಣೆ ಮೊದಲಿನಂತೆಯೇ ಇದೆ. ಹೃದಯದ ಜಾಗದಲ್ಲಿ ಬಿಟ್ಟು ಬಿಟ್ಟು ನೀರು ದೂಡುವ ಪಂಪ್, ನೀರು ಹಿಂದಕ್ಕೆ ಬರದಂತೆ ಒಂದು ವಾಲ್ವ್, ಮುಂದೆ ಲೇಟೆಕ್ಸ್ ಟ್ಯೂಬ್, ತುದಿಯಲ್ಲಿ ಸ್ವಲ್ಪವೇ ತೆರೆದ ನಲ್ಲಿ. ಒತ್ತಡದ ಸೆನ್ಸರ್ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸೇರಿದೆ. ಪಂಪ್ ಹತ್ತಿರ ತೆಳು ರಬ್ಬರ್, ಆಮೇಲೆ ದಪ್ಪದ್ದು. ನಮ್ಮ ಮೈಯಲ್ಲೂ ಹಾಗೇ ಅಲ್ವಾ? ಹೃದಯದ ಪಕ್ಕದ ಅಯೋರ್ಟಾದಲ್ಲಿ ಎಲಾಸ್ಟಿನ್ ಎಂಬ ಹಿಗ್ಗುವ ಪ್ರೋಟೀನ್ ಜಾಸ್ತಿ, ಹಿಗ್ಗುವುದೂ ಅದೇ ಜಾಸ್ತಿ.

ಗ್ರಾಫ್ಟ್ ಬದಲಿಗೆ ಪಾಲಿಯೆಸ್ಟರ್ ನೂಲಿನ ಬಲೆ ಇರುವ ಗಾರ್ಡನ್ ಪೈಪಿನ ತುಂಡು ಬಳಸಿದೆ. ನಿಜವಾದ ಡೇಕ್ರಾನ್ ಗ್ರಾಫ್ಟ್ ಕೂಡ ಪಾಲಿಯೆಸ್ಟರ್ ಬಟ್ಟೆಯೇ. 1950ರ ದಶಕದಲ್ಲಿ ಹ್ಯೂಸ್ಟನ್‌ನ ಡಾ. ಮೈಕಲ್ ಡಿಬೇಕಿ ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಅಂಥ ಕೊಳವೆ ಹೊಲಿದಿದ್ದರು. 2006ರಲ್ಲಿ, 97ನೇ ವಯಸ್ಸಿನಲ್ಲಿ, ಡಿಬೇಕಿಯವರ ಅಯೋರ್ಟಾಗೂ ಡೇಕ್ರಾನ್ ಗ್ರಾಫ್ಟ್ ಹಾಕಿ ವೈದ್ಯರು ಅವರನ್ನು ಉಳಿಸಿದರು. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಈಗ ಫಲಿತಾಂಶ. ಬರೀ ಲೇಟೆಕ್ಸ್ ಇದ್ದಾಗ ಪ್ರತಿ ಬಡಿತಕ್ಕೂ ಟ್ಯೂಬ್ ಬೆರಳಿನಡಿ ಉಬ್ಬುತ್ತದೆ. ಪಂಪ್ ನಿಂತರೂ ನಲ್ಲಿಯಿಂದ ನೀರು ಬರುತ್ತಲೇ ಇರುತ್ತದೆ, ಯಾಕೆಂದರೆ ಉಬ್ಬಿದ ರಬ್ಬರ್ ಕುಗ್ಗುತ್ತಾ ಅದನ್ನು ಮುಂದಕ್ಕೆ ತಳ್ಳುತ್ತದೆ. ಪರದೆಯ ಮೇಲೆ ಒತ್ತಡದ ಗೆರೆ ನಿಧಾನವಾಗಿ ಇಳಿಯುತ್ತದೆ. ತೆಳು ರಬ್ಬರಿನ ಜಾಗಕ್ಕೆ ಅಷ್ಟಾಗಿ ಹಿಗ್ಗದ ಗ್ರಾಫ್ಟ್ ಬಂದಾಗ ಅದೇ ಗೆರೆ ಚೂಪಾಯಿತು. ಮೇಲಿನ ಒತ್ತಡ ಏರಿತು, ಕೆಳಗಿನದು ಇಳಿಯಿತು, ಸರಾಸರಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಅದೇ ಉದ್ದದ ತುಂಡನ್ನು ದೂರದ ದಪ್ಪ ರಬ್ಬರಿನ ನಡುವೆ ಹಾಕಿದರೆ ವ್ಯತ್ಯಾಸ ಕಡಿಮೆ.

ಹಾಗಾಗಿ ಸರಾಸರಿ ಬಿಪಿ ಒಂದನ್ನೇ ನೋಡಿದರೆ ಸಾಲದು, ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರವನ್ನೂ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಮೇಲಿನದು ಏರಿದರೆ ಅಯೋರ್ಟಾಗೆ ರಕ್ತ ದೂಡುವ ಎಡ ಹೃತ್ಕುಕ್ಷಿಗೆ ದುಡಿಮೆ ಜಾಸ್ತಿ. ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಹೃದಯ ಸಡಿಲವಾದಾಗ, ಆ ಹೊತ್ತಿನ ಒತ್ತಡವೇ ಇಳಿದರೆ ಆ ಪೂರೈಕೆಗೂ ಪೆಟ್ಟು. ಒಡೆಯುವ ಹಂತದಲ್ಲಿರುವ ಅಯೋರ್ಟಾಗೆ ಗ್ರಾಫ್ಟ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಗ್ಗುವ ಗ್ರಾಫ್ಟ್‌ಗಾಗಿ ಯಾಕೆ ಇಷ್ಟು ಹುಡುಕುತ್ತಾರೆ ಅಂತ ಈಗ ಚೆನ್ನಾಗಿ ಗೊತ್ತಾಯಿತು.

ಮುಂದೆ ಇನ್ನೊಂದು ಸೆನ್ಸರ್ ಸೇರಿಸಿ, ಬಡಿತದ ಅಲೆ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆಯಬೇಕು. ಕುತ್ತಿಗೆಯಿಂದ ತೊಡೆಸಂದಿಗೆ ಹೋಗುವ ಅಲೆ ಸೆಕೆಂಡಿಗೆ 10 ಮೀಟರ್ ದಾಟಿದರೆ ವೈದ್ಯರು ಅಯೋರ್ಟಾ ಬಿಗಿಯಾಗಿದೆ ಎನ್ನುತ್ತಾರೆ. ನನ್ನ ಟ್ಯೂಬ್ ಗಿಡ್ಡ, ಆದ್ದರಿಂದ ಸ್ಯಾಂಪ್ಲಿಂಗ್ ವೇಗವನ್ನೂ, ಅಂದರೆ ಸೆಕೆಂಡಿಗೆ ಎಷ್ಟು ಸಲ ಒತ್ತಡ ಅಳೆಯುತ್ತೇನೆ ಎನ್ನುವುದನ್ನೂ, ಹೆಚ್ಚಿಸಬೇಕು.