ಕಾರಿನ ಸ್ಪೀಕರ್ ಬದಲಾವಣೆ: ಮುಂದಿನ ಬಾಗಿಲುಗಳ ಕೆಲಸ ಮುಗಿಯಿತು

ನಮ್ಮ ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಮುಂದಿನ ಎರಡೂ ಬಾಗಿಲುಗಳಲ್ಲಿ ಹೊಸ ಸ್ಪೀಕರ್ ಕೂತಿವೆ. ಹಿಂದಿನ ಬಾಗಿಲುಗಳನ್ನು ಇನ್ನೂ ಮುಟ್ಟಿಲ್ಲ, ಆಂಪ್ಲಿಫೈಯರ್ ಬೇಕೋ ಬೇಡವೋ ಎಂಬುದೂ ನಿರ್ಧಾರವಾಗಿಲ್ಲ.

ಹುಬ್ಬಳ್ಳಿಯ ಅಂಗಡಿಗಳಲ್ಲಿ ಮೊದಲು ತೋರಿಸಿದ್ದು ಡಿಕ್ಕಿಯಲ್ಲಿಡುವ ಸಬ್‌ವೂಫರನ್ನು, ಅಂದರೆ ತೀರ ಕೆಳಗಿನ ಸ್ವರಗಳಿಗಷ್ಟೇ ಇರುವ ಸ್ಪೀಕರನ್ನು. ಕಾರಿನಲ್ಲಿ ನಾನು ಕೇಳುವುದು ಬಹುಪಾಲು ಖ್ಯಾಲ್ ಗಾಯನ. ಗಂಟಲಿನ ಧ್ವನಿ ಸ್ಪಷ್ಟವಾಗಿ ಎದುರಿನಿಂದ ಬರಬೇಕೆಂಬುದೇ ನನ್ನ ಬೇಡಿಕೆಯಾದ್ದರಿಂದ ಆರೂವರೆ ಇಂಚಿನ ಕಾಂಪೊನೆಂಟ್ ಜೋಡಿಯನ್ನು, ಅಂದರೆ ಕೆಳಗಿನ ಸ್ವರಗಳ ವೂಫರ್, ಮೇಲಿನ ಸ್ವರಗಳ ಟ್ವೀಟರ್ ಮತ್ತು ಸ್ವರಗಳನ್ನು ಅವೆರಡಕ್ಕೂ ಹಂಚುವ ಕ್ರಾಸ್‌ಓವರ್ ಬೇರೆಬೇರೆಯಾಗಿರುವ ಸೆಟ್ಟನ್ನು ಆರಿಸಿಕೊಂಡೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಪೀಕ್ (ಕ್ಷಣಮಾತ್ರದ ಗರಿಷ್ಠ) ವ್ಯಾಟ್‌ಗಳನ್ನು ನಂಬಬಾರದು. ಕಾರಿನ ಸ್ಟೀರಿಯೊ ಮೇಲೆ 4×50 ವ್ಯಾಟ್ ಎಂದಿದ್ದರೂ, 14.4 ವೋಲ್ಟ್‌ನಲ್ಲಿ ಕೆಲಸ ಮಾಡುವ ಅದರೊಳಗಿನ ಆಂಪ್ಲಿಫೈಯರ್ 4 ಓಮ್ ಸ್ಪೀಕರಿಗೆ ವಿರೂಪವಿಲ್ಲದೆ ಕೊಡಬಲ್ಲದ್ದು ಲೆಕ್ಕದ ಪ್ರಕಾರವೇ 26 ವ್ಯಾಟ್ ದಾಟುವುದಿಲ್ಲ, ವಾಸ್ತವದಲ್ಲಿ ಇನ್ನೂ ಕಡಿಮೆ. ಹಾಗಾಗಿ ನಾನು ನೋಡಿದ್ದು ಸೆನ್ಸಿಟಿವಿಟಿಯನ್ನು, ಅಂದರೆ ಕೊಟ್ಟ ಶಕ್ತಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂಬುದನ್ನು: ಅದು 3 ಡೆಸಿಬೆಲ್ ಹೆಚ್ಚಿದ್ದರೆ ಅಷ್ಟೇ ಸದ್ದಿಗೆ ಅರ್ಧ ಶಕ್ತಿ ಸಾಕು.

ಹೆಚ್ಚು ಸಮಯ ಹಿಡಿದದ್ದು ಬಾಗಿಲಿನ ಕೆಲಸ, ಮತ್ತು ಹೆಚ್ಚು ಫಲ ಕೊಟ್ಟದ್ದೂ ಅದೇ. ಒಳಗಿನ ಪ್ಲಾಸ್ಟಿಕ್ ಪ್ಯಾನೆಲ್ ತೆಗೆದರೆ ಲೋಹದ ಹಾಳೆಯಲ್ಲಿ ಅಂಗೈ ಹಿಡಿಸುವಷ್ಟು ದೊಡ್ಡ ತೂತುಗಳು ಕಾಣುತ್ತವೆ. ಸ್ಪೀಕರಿನ ಕೋನಿನ (ಕಂಪಿಸಿ ಸದ್ದು ಹೊರಡಿಸುವ ಶಂಕುವಿನ) ಹಿಂಬದಿಯಿಂದ ಹೊರಡುವ ಅಲೆ ಆ ತೂತುಗಳ ಮೂಲಕ ಮುಂದೆ ಬಂದು, ಮುಂಬದಿಯ ಅಲೆಗೆ ವಿರುದ್ಧವಾಗಿ ನಿಂತು ಕೆಳಗಿನ ಸ್ವರಗಳನ್ನು ನುಂಗಿಬಿಡುತ್ತದೆ. ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಇದು ತಪ್ಪುವುದಿಲ್ಲ. ಹೊರಗಿನ ತಗಡಿನ ಒಳಮೈಗೆ ಬ್ಯುಟೈಲ್ ಹಾಳೆಯನ್ನು (ಕಂಪನ ತಗ್ಗಿಸುವ ರಬ್ಬರಿನಂಥ ಅಂಟುಹಾಳೆ) ರೋಲರಿನಿಂದ ಒತ್ತಿ ಅಂಟಿಸಿ, ಒಳಗಿನ ತೂತುಗಳನ್ನೂ ಅದರಿಂದಲೇ ಮುಚ್ಚಿದೆ. ಬಾಗಿಲ ತಳದ ಸಣ್ಣ ರಂಧ್ರಗಳನ್ನು ಮಾತ್ರ ಬಿಟ್ಟೆ. ಧಾರವಾಡದ ಜಡಿಮಳೆಯಲ್ಲಿ ಗಾಜಿನ ಪಟ್ಟಿಯ ಸಂದಿಯಿಂದ ಇಳಿಯುವ ನೀರು ಹೊರಹೋಗಬೇಕಾದದ್ದು ಅಲ್ಲಿಂದಲೇ. ಅವು ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುವುದು ಖಂಡಿತ. ಅದೇ ನೀರಿನ ಕಾರಣಕ್ಕೆ ಸ್ಪೀಕರ್ ಕೂರಿಸಲು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ರಿಂಗ್ ಬೇಡವೆಂದು, ನೆನೆದರೂ ಉಬ್ಬದ ಪ್ಲಾಸ್ಟಿಕ್ ರಿಂಗ್ ಬಳಸಿದೆ. ಗಾಜನ್ನು ಪೂರ್ತಿ ಇಳಿಸಿ, ಮ್ಯಾಗ್ನೆಟ್‌ಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಸ್ಕ್ರೂ ಬಿಗಿದದ್ದು.

ವೈರಿಂಗ್ ಸರಳ. ಹಳೆಯ ವೈರುಗಳ ಬಣ್ಣವನ್ನು ನಂಬದೆ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಿದೆ: ಕೋನ್ ಹೊರಗೆ ಹಾರಿದರೆ ಪ್ಲಸ್ ಪ್ಲಸ್‌ಗೇ ಸೇರಿದೆ ಎಂದರ್ಥ. ಎಡಬಲಗಳಲ್ಲಿ ಒಂದು ತಿರುಗುಮುರುಗಾದರೂ ಬೇಸ್ ಮಾಯವಾಗುತ್ತದೆ. ಟ್ವೀಟರುಗಳನ್ನು ಕನ್ನಡಿಯ ಒಳಬದಿಯ ತ್ರಿಕೋನದಲ್ಲಿ ಕೂಡಿಸಿದ್ದೇನೆ. ಡ್ಯಾಶ್‌ಬೋರ್ಡ್ ಕೊರೆಯಲು ಮನಸ್ಸಾಗಲಿಲ್ಲ.

ನವನಗರದಿಂದ ಧಾರವಾಡದವರೆಗೆ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಕೇಳುತ್ತ ಹೋದೆ. ತಂಬೂರಿಯ ಜವಾರಿಯಲ್ಲಿ (ಅದರ ಝೇಂಕಾರದಲ್ಲಿ) ಮೇಲಿನ ಅನುಸ್ವರಗಳು ಧಾರಾಳವಾಗಿರುವುದರಿಂದ ಟ್ವೀಟರಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿದಿಲ್ಲ. ಮೊದಲು ಗುಂಯ್ ಎನ್ನುವ ಹಿನ್ನೆಲೆಯಾಗಿದ್ದದ್ದು ಈಗ ನಾಲ್ಕು ತಂತಿಗಳಾಗಿ ಬಿಡಿಬಿಡಿಯಾಗಿ ಕೇಳುತ್ತದೆ. ತಬಲಾದ ಎಡಗೈ ವಾದ್ಯ ನುಡಿದಾಗ ಪ್ಯಾನೆಲ್ ಗಡಗಡಿಸುವುದು ನಿಂತಿದೆ. ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರದಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸವಿಲ್ಲ. 9 ಕಿಲೊಹರ್ಟ್ಸ್ ಅಂತರದ ಚಾನೆಲ್ಲುಗಳಲ್ಲಿ ಮೇಲಿನ ಸ್ವರಗಳಿಗೆ ಜಾಗವೇ ಇಲ್ಲದಿರುವಾಗ ಟ್ವೀಟರ್ ಏನು ಮಾಡೀತು? ಎಂಬತ್ತು ಹರ್ಟ್ಸ್‌ಗೆ ಹೈಪಾಸ್ (ಅದಕ್ಕಿಂತ ಕೆಳಗಿನ ಸ್ವರಗಳನ್ನು ತಡೆಯುವ ಫಿಲ್ಟರ್) ಇಟ್ಟ ಮೇಲೆ ಧ್ವನಿ ಏರಿಸಿದರೂ ವೂಫರ್ ಒದ್ದಾಡುವುದಿಲ್ಲ.

ಬಲಗಡೆಯ ಟ್ವೀಟರ್ ಚಾಲಕನ ಕಿವಿಗೆ ತೀರ ಹತ್ತಿರವಿರುವುದರಿಂದ ತಾರಸಪ್ತಕದಲ್ಲಿ ಸ್ವಲ್ಪ ಚುಚ್ಚುತ್ತದೆ. ಕ್ರಾಸ್‌ಓವರಿನಲ್ಲಿ ಟ್ವೀಟರಿಗೆ 3 ಡೆಸಿಬೆಲ್ ಇಳಿಸುವ ಜಂಪರ್ (ಜಾಗ ಬದಲಿಸಬಹುದಾದ ಪುಟ್ಟ ಕೊಂಡಿ) ಇದೆ. ಮುಂದಿನ ಬಾರಿ ಪ್ಯಾನೆಲ್ ಬಿಚ್ಚಿದಾಗ ಮೊದಲು ಅದನ್ನು ಬದಲಿಸಿ ನೋಡಿ, ನಂತರವೇ ಹಿಂದಿನ ಬಾಗಿಲುಗಳ ಬ್ಯುಟೈಲ್ ತರುತ್ತೇನೆ.