ನೇರ ಗೆರೆಗೆ ಶಾಕ್ ಕೊಡುವುದಿಲ್ಲ

ಐಸಿಯುನಲ್ಲಿ ಕೆಲಸ ಮಾಡುವವರು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ. "ಟಿವಿಯಲ್ಲಿ ಗೆರೆ ನೇರ ಆಗಿ ಟೂಂ ಅಂತ ಸದ್ದು ಬರುತ್ತಲ್ಲ, ಆಗ ಎದೆ ಮೇಲೆ ಎರಡು ಹಿಡಿಕೆ ಒತ್ತಿ ಶಾಕ್ ಕೊಡ್ತಾರಲ್ಲ, ನಿಜವಾಗ್ಲೂ ಎದ್ದು ಕೂರ್ತಾರಾ?"

ಇಲ್ಲ. ಎದ್ದು ಕೂರುವುದಿಲ್ಲ. ಆ ಗೆರೆಗೆ ಶಾಕ್ ಕೊಡುವುದೂ ಇಲ್ಲ.

ಇಷ್ಟಕ್ಕೆ ಮುಗಿಯಬೇಕು, ಮುಗಿಯುವುದಿಲ್ಲ. ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎರಡನೆಯ ಬಾಣ ಬರುತ್ತದೆ: "ಅಯ್ಯೋ, ಅದು ಬರೀ ಸೀರಿಯಲ್ಲು, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ?" ಸ್ವಾಮಿ, ಕೇಳಿದ್ದು ನೀವು. ನಾನು ಸುಮ್ಮನೆ ಕೂತಿದ್ದೆ. ಹೇಳಿ ಹೇಳಿ ಸಾಕಾಗಿದೆ, ಇನ್ನು ಯಾರೇ ಕೇಳಿದರೂ ಇದನ್ನೇ ಕಳಿಸುತ್ತೇನೆ.

ಹೃದಯ ನಿಲ್ಲುವುದರಲ್ಲಿ ಬಗೆಗಳಿವೆ. ಒಂದು ವೆಂಟ್ರಿಕ್ಯುಲರ್ ಫಿಬ್ರಿಲೇಷನ್, ನಮ್ಮ ಬಾಯಲ್ಲಿ ವಿಎಫ್. ಹೃದಯದ ಕೆಳಕೋಣೆಗಳ ಸ್ನಾಯುವಿನ ಒಂದೊಂದು ಎಳೆಯೂ ತನಗೆ ತೋಚಿದಂತೆ ಅದುರುತ್ತಿರುತ್ತದೆ, ಒಟ್ಟಾಗಿ ಹಿಂಡಿ ರಕ್ತ ತಳ್ಳುವುದಿಲ್ಲ. ಮಾನಿಟರ್‌ನಲ್ಲಿ ಆಗ ಕಾಣುವುದು ಮಗು ಗೀಚಿದಂಥ ಅಡ್ಡಾದಿಡ್ಡಿ ಗೆರೆ. ಶಾಕ್ ಇದಕ್ಕೆ. ನಾಡಿಯೇ ಸಿಗದಷ್ಟು ವೇಗವಾಗಿ ಓಡುವ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾಕ್ಕೂ ಶಾಕ್. ನಾಡಿ ನಿಂತ ರೋಗಿಯಲ್ಲಿ ಶಾಕ್ ಕೆಲಸಕ್ಕೆ ಬರುವುದು ಈ ಎರಡಕ್ಕೆ ಮಾತ್ರ. ನೇರ ಗೆರೆ, ಅಂದರೆ ಅಸಿಸ್ಟೊಲಿ, ಈ ಪಟ್ಟಿಯಲ್ಲಿ ಇಲ್ಲ.

ಯಾಕೆಂದರೆ ಶಾಕ್ ಹೃದಯವನ್ನು ಸ್ಟಾರ್ಟ್ ಮಾಡುವುದಿಲ್ಲ, ಒಂದು ಕ್ಷಣ ಪೂರ್ತಿ ಸುಮ್ಮನಾಗಿಸುತ್ತದೆ. ಗದ್ದಲದ ತರಗತಿಯಲ್ಲಿ ಮೇಷ್ಟ್ರು ಮೇಜು ಕುಟ್ಟಿದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ, ಆಮೇಲೆ ಮಾನಿಟರ್ ಹುಡುಗ ಎದ್ದು ಪ್ರಾರ್ಥನೆ ಶುರು ಮಾಡಬಹುದು. ಹೃದಯದಲ್ಲಿ ಆ ಹುಡುಗ ಬಲ ಮೇಲ್ಕೋಣೆಯ ಗೋಡೆಯಲ್ಲಿದ್ದು ಬಡಿತ ಶುರು ಮಾಡುವ ಸೈನಸ್ ನೋಡ್. ಖಾಲಿ ತರಗತಿಯಲ್ಲಿ ಮೇಜು ಕುಟ್ಟಿ ಯಾರನ್ನು ಸುಮ್ಮನಾಗಿಸುತ್ತೀರಿ?

ಹಾಗಾದರೆ ನೇರ ಗೆರೆ ಕಂಡರೆ ಮಾಡುವುದೇನು? ಎದೆ ಒತ್ತುತ್ತೇವೆ. ಒತ್ತುತ್ತಲೇ 3ರಿಂದ 5 ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ ಅಡ್ರಿನಾಲಿನ್ ರಕ್ತನಾಳಕ್ಕೆ ಕೊಡುತ್ತೇವೆ. (ರಕ್ತನಾಳಕ್ಕೆ. ಉದ್ದ ಸೂಜಿಯನ್ನು ನೇರ ಹೃದಯಕ್ಕೆ ಚುಚ್ಚುವ ಪದ್ಧತಿ ಎಂದೋ ಹೋಯಿತು, ಟಿವಿಗೆ ಸುದ್ದಿ ತಲುಪಿಲ್ಲ.) ಜೊತೆಗೆ ಹೃದಯ ಯಾಕೆ ನಿಂತಿತು ಎಂದು ಹುಡುಕುತ್ತೇವೆ: ಆಮ್ಲಜನಕದ ಕೊರತೆಯೇ, ರಕ್ತಸ್ರಾವವೇ, ಪೊಟ್ಯಾಸಿಯಂ ಏರುಪೇರೇ, ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಅಮುಕಿದೆಯೇ, ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ಕಟ್ಟಿದೆಯೇ, ವಿಷವೇ, ಹೆಪ್ಪುಗಟ್ಟಿದ ರಕ್ತವೇ. ಮೂಲ ಸಿಕ್ಕಿ ಸರಿಪಡಿಸಲು ಆದರೆ ಉಂಟು, ಇಲ್ಲವಾದರೆ ಬಹುಪಾಲು ಇಲ್ಲ.

ಇನ್ನೊಂದು ವಿಷಯ. ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರವಾದ ಗೆರೆ ಕಂಡರೆ ನಮಗೆ ಮೊದಲು ಅನುಮಾನ ಬರುವುದು ವೈರಿನ ಮೇಲೆ. ನಿಜವಾದ ಅಸಿಸ್ಟೊಲಿಯ ಗೆರೆ ಸಾಮಾನ್ಯವಾಗಿ ಸ್ವಲ್ಪ ತೇಲುತ್ತದೆ, ಓಲಾಡುತ್ತದೆ. ಆದ್ದರಿಂದ ಮೊದಲು ರೋಗಿಯನ್ನು ನೋಡು, ಆಮೇಲೆ ಎದೆಯ ಸ್ಟಿಕ್ಕರ್ ಕಳಚಿದೆಯೇ, ಅದರ ವೈರು, ಅಂದರೆ ಲೀಡ್, ಸಡಿಲವೇ, ಗೇನ್ (ತೆರೆಯ ಮೇಲೆ ಗೆರೆಯನ್ನು ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) ತೀರಾ ಕಡಿಮೆ ಇದೆಯೇ ನೋಡು. ಲೀಡ್ ಕಿತ್ತುಬಂದ ರೋಗಿ ನಿಮ್ಮನ್ನೇ ನೋಡಿಕೊಂಡು ಮಲಗಿರುತ್ತಾನೆ. ಸೀರಿಯಲ್ಲಿನಲ್ಲಿ ಅವನ ಹೆಂಡತಿ ಅಷ್ಟರಲ್ಲಿ ಬಳೆ ಒಡೆದುಕೊಂಡಿರುತ್ತಾಳೆ.

ಆ ಎರಡು ಹಿಡಿಕೆಗಳು, ಪ್ಯಾಡಲ್, ಈಗಲೂ ಕೆಲವು ಕಡೆ ಇವೆ. ಬಹಳಷ್ಟು ಕಡೆ ಅಂಟಿಸುವ ಪ್ಯಾಡ್ ಬಂದಿದೆ. ಪ್ಯಾಡಲ್ ಆದರೆ ಜೆಲ್ ಬೇಕು, ದೊಡ್ಡವರಿಗೆ ಸುಮಾರು 8 ಕಿಲೋ ಭಾರದಷ್ಟು ಒತ್ತಿ ಹಿಡಿಯಬೇಕು. ಇಲ್ಲವಾದರೆ ನಡುವೆ ಗಾಳಿ ಉಳಿದು ಕಿಡಿ ಹಾರುತ್ತದೆ, ಚರ್ಮ ಸುಡುತ್ತದೆ. ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಗೆ. ಹೃದಯ ಎರಡರ ನಡುವೆ ಸಿಗಬೇಕು, ಕರೆಂಟು ಹಾಯಬೇಕಾದ್ದು ಅದರ ಮೂಲಕ. ಟಿವಿಯಲ್ಲಿ ಎರಡನ್ನೂ ಎದೆಯ ಮೇಲ್ಭಾಗದಲ್ಲಿ ಅಕ್ಕಪಕ್ಕ ಇಡುತ್ತಾರೆ, ಅದೂ ಅಂಗಿಯ ಮೇಲೆ. ಮೊದಲು ಪ್ಯಾಡಲ್‌ಗಳನ್ನು ಕರ ಕರ ಉಜ್ಜುತ್ತಾರೆ, ಅದು ಯಾವ ತರಬೇತಿಯಲ್ಲೂ ಇಲ್ಲ. ರೋಗಿ ಮಂಚದಿಂದ ಒಂದು ಅಡಿ ಹಾರುತ್ತಾನೆ. ನಿಜದಲ್ಲಿ ಮೈ ಒಮ್ಮೆ ಬೆಚ್ಚಿಬಿದ್ದಂತೆ ಕುಲುಕುತ್ತದೆ, ಅಷ್ಟೇ. ಶಾಕ್ ಕೊಟ್ಟ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಮಾನಿಟರ್ ನೋಡುತ್ತಾರಲ್ಲ, ಅದು ಅತ್ಯಂತ ಕೆಟ್ಟ ತಪ್ಪು. ಶಾಕ್ ಆದ ಮರುಕ್ಷಣ ಮತ್ತೆ ಎದೆ ಒತ್ತಬೇಕು, 2 ನಿಮಿಷ ಆದ ಮೇಲೆ ಗೆರೆ ನೋಡಬೇಕು.

ಎದೆ ಒತ್ತುವುದನ್ನು ನಟರು ಮೊಣಕೈ ಮಡಚಿ ಮಾಡುತ್ತಾರೆ, ರೋಗಿಯ ಬದಲು ಅವರ ಮೊಣಕೈಯೇ ಮೇಲೆ ಕೆಳಗೆ ಆಗುತ್ತಿರುತ್ತದೆ. ಇದಕ್ಕೆ ಕ್ಷಮೆ ಇದೆ. ಕೆಳಗೆ ಮಲಗಿರುವ ನಟನ ಹೃದಯ ಚೆನ್ನಾಗಿಯೇ ಇದೆ, ನಿಜವಾಗಿ ಒತ್ತಿದರೆ ಪಕ್ಕೆಲುಬು ಮುರಿಯುತ್ತದೆ. ಬೊಂಬೆ ಇಟ್ಟು ತೆಗೆಯಬಹುದಿತ್ತು, ಇರಲಿ.

ಸೀರಿಯಲ್ಲಿನ ಸಣ್ಣಪುಟ್ಟ ತಪ್ಪುಗಳು ಇನ್ನೂ ಇವೆ. ಬಾಯಲ್ಲಿ ಇಟಿ ಟ್ಯೂಬ್, ಅಂದರೆ ಉಸಿರಾಟದ ಕೊಳವೆ, ಇರುವ ಅಜ್ಜ ಆಸ್ತಿ ಯಾರಿಗೆ ಎಂದು ಹೇಳುತ್ತಾನೆ. ಆ ಟ್ಯೂಬ್ ಧ್ವನಿತಂತುಗಳ ನಡುವಿನಿಂದಲೇ ಶ್ವಾಸನಾಳಕ್ಕೆ ಇಳಿದಿರುತ್ತದೆ, ದನಿ ಹೊರಡುವುದಿಲ್ಲ. ಆಕ್ಸಿಜನ್ ಮಾಸ್ಕ್‌ಗೆ ಕೊಳವೆಯೇ ಇರುವುದಿಲ್ಲ. ಸ್ಟೆತಸ್ಕೋಪಿನ ಕಿವಿತುದಿ ಮೂಗಿನ ಕಡೆಗೆ ಬಾಗಿರಬೇಕು, ಹಿಂದುಮುಂದಾಗಿ ಹಾಕಿಕೊಂಡರೆ ಸರಿಯಾಗಿ ಕೇಳುವುದಿಲ್ಲ, ಆದರೂ ಡಾಕ್ಟರ್ ಗಂಭೀರವಾಗಿ ತಲೆ ಆಡಿಸುತ್ತಾರೆ. ತಿಂಗಳುಗಟ್ಟಲೆ ಕೋಮಾದಲ್ಲಿದ್ದವಳು ಕಣ್ಣು ಬಿಟ್ಟು ನೇರ ಹೊಸ್ತಿಲು ದಾಟುತ್ತಾಳೆ, ಕಾಲಿನ ಸ್ನಾಯು ಕರಗಿರುವುದಿಲ್ಲ. ಇವಕ್ಕೆಲ್ಲ ನಗುತ್ತೇನೆ. ನಿಜ ಹೇಳಬೇಕೆಂದರೆ ಇವಕ್ಕಾಗಿಯೇ ನೋಡುತ್ತೇನೆ.

ಶಾಕ್ ಸೀನಿಗೆ ಮಾತ್ರ ನಗು ಬರುವುದಿಲ್ಲ. "ಬರೀ ಸೀರಿಯಲ್ಲು" ಎನ್ನುವವರೇ ಐಸಿಯು ಬಾಗಿಲಲ್ಲಿ ನಿಂತು "ಶಾಕ್ ಯಾಕೆ ಕೊಡಲಿಲ್ಲ?" ಎಂದು ಕಾಲರ್ ಹಿಡಿಯುವುದು. ಅರ್ಧ ಗಂಟೆ ಮೂರು ಜನ ಸರದಿಯಲ್ಲಿ ಬೆವರು ಸುರಿಸಿ ಒತ್ತಿದ್ದು ಲೆಕ್ಕಕ್ಕಿಲ್ಲ, ಮೆಷಿನ್ ತರಲಿಲ್ಲ ಎಂಬುದೊಂದೇ ಲೆಕ್ಕ. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ಮೂರು ಟಿವಿ ಕಾರ್ಯಕ್ರಮಗಳ 97 ಕಂತು ನೋಡಿ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಆದವರ ಗತಿ ಏನಾಯಿತು ಎಂದು ಎಣಿಸಿದ್ದರು. ಟಿವಿಯಲ್ಲಿ 75 ಶೇಕಡಾ ಜನ ಆ ಹೊತ್ತಿಗೆ ಬದುಕಿದ್ದರು. ನಿಜ ಜೀವನದಲ್ಲಿ ಆಸ್ಪತ್ರೆಯೊಳಗೇ ಹೃದಯ ನಿಂತರೆ ಮನೆಗೆ ಹೋಗುವವರು ಸುಮಾರು ಐವರಲ್ಲಿ ಒಬ್ಬರು, ಹೊರಗೆ ನಿಂತರೆ ಹತ್ತರಲ್ಲಿ ಒಬ್ಬರು, ಅನೇಕ ಕಡೆ ಅಷ್ಟೂ ಇಲ್ಲ.

ಆ ಹತ್ತರಲ್ಲಿ ಒಬ್ಬರು ಇಬ್ಬರಾಗಬೇಕಾದರೆ ಆಸ್ಪತ್ರೆಯೊಳಗಿನ ನಾನು ಮಾಡುವುದು ಕಡಿಮೆ. ಮಾಡಬೇಕಾದವರು ಪಕ್ಕದಲ್ಲಿ ನಿಂತಿದ್ದ ನೀವು. ಅದಕ್ಕೇ ಗೆರೆಯ ವಿಷಯ ಬಿಟ್ಟು ಇದನ್ನು ಕೇಳಿ ಎನ್ನುವುದು: ಎದುರಿಗೇ ಒಬ್ಬರು ಕುಸಿದರೆ ಹೃದಯ ನಿಂತಿದೆ ಎಂದು ಗೊತ್ತಾಗುವುದು ಹೇಗೆ?

ಟಿವಿ ಇಲ್ಲಿ ಎಲ್ಲಕ್ಕಿಂತ ದೊಡ್ಡ ಸುಳ್ಳು ಹೇಳುತ್ತದೆ. ಎದೆ ಹಿಡಿದುಕೊಂಡು, ಎರಡು ಮಾತಾಡಿ, ಕಣ್ಣು ಮುಚ್ಚಿ, ಸದ್ದಿಲ್ಲದೆ ಮಲಗುತ್ತಾರೆ. ನಿಜದಲ್ಲಿ ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅನೇಕರಿಗೆ ಮೇಲುಸಿರು ಇರುತ್ತದೆ. ಬಾಯಿ ತೆರೆದು, ಗೊರಕೆಯಂಥ ಸದ್ದಿನಲ್ಲಿ, ತಡೆತಡೆದು ಒಂದೊಂದು ಸಲ. ಕೆಲವರಿಗೆ ಬಿದ್ದ ತಕ್ಷಣ ಕೈಕಾಲು ಸೆಟೆದು ಅದುರುತ್ತದೆ. ಸುತ್ತ ನಿಂತವರು "ಉಸಿರಾಡ್ತಿದ್ದಾರೆ" ಎಂದೋ "ಫಿಟ್ಸ್ ಇರಬೇಕು" ಎಂದೋ ನೀರು ಚಿಮುಕಿಸುತ್ತಾ, ಕೈಗೆ ಕಬ್ಬಿಣ ಕೊಡುತ್ತಾ ನಿಲ್ಲುತ್ತಾರೆ. ಕೈ ಹಾಕದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ 7ರಿಂದ 10 ಶೇಕಡಾ ಇಳಿಯುತ್ತದೆ.

ಆದ್ದರಿಂದ ನಾಡಿ ಹುಡುಕುತ್ತಾ ಕೂರಬೇಡಿ, ನಿಮಗೆ ಸಿಗುವುದಿಲ್ಲ. ಭುಜ ತಟ್ಟಿ ಜೋರಾಗಿ ಕರೆಯಿರಿ. ಓಗೊಡುತ್ತಿಲ್ಲ, ಉಸಿರು ಮಾಮೂಲಿನಂತಿಲ್ಲ: ಇಷ್ಟು ಸಾಕು. ಆಂಬುಲೆನ್ಸ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿ ನೆಲದ ಮೇಲಿಡಿ. ಮೆತ್ತನೆ ಹಾಸಿಗೆಯ ಮೇಲಿದ್ದರೆ ಕೆಳಗೆ ನೆಲಕ್ಕೆ ಮಲಗಿಸಿ, ಹಾಸಿಗೆಯಲ್ಲಿ ಒತ್ತಿದರೆ ತಗ್ಗುವುದು ಹಾಸಿಗೆ. ಎದೆಯ ನಟ್ಟನಡುವಿನ ಮೂಳೆಯ ಕೆಳ ಅರ್ಧಕ್ಕೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ನೆಟ್ಟಗಿರಲಿ, ಭುಜ ಕೈಯ ನೇರಕ್ಕೆ ಬರಲಿ. 5 ಸೆಂಟಿಮೀಟರ್ ಆಳ, 6 ದಾಟಬಾರದು. ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ, ಹೃದಯಕ್ಕೆ ರಕ್ತ ತುಂಬಿಕೊಳ್ಳುವುದು ಆಗ. ದಣಿದವರು ಇದನ್ನೇ ಮರೆತು ಎದೆಯ ಮೇಲೆ ಒರಗಿಬಿಡುತ್ತಾರೆ. ಅದಕ್ಕೇ 2 ನಿಮಿಷಕ್ಕೆ ಕೈ ಬದಲಿಸಿ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲು ತರಬೇತಿ ಇದ್ದರೆ 30 ಒತ್ತಿಗೆ 2 ಉಸಿರು, ಇಲ್ಲದಿದ್ದರೆ ಒತ್ತುತ್ತಲೇ ಇರಿ. ಕೈಯಡಿ ಲಟ್ ಎಂದರೆ ಪಕ್ಕೆಲುಬು ಮುರಿದಿದೆ. ನಿಲ್ಲಿಸಬೇಡಿ, ಅದು ಕೂಡುತ್ತದೆ.

ಹತ್ತಿರದಲ್ಲಿ ಎಇಡಿ ಪೆಟ್ಟಿಗೆ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಶಾಕ್ ಯಂತ್ರ, ಇದ್ದರೆ ಅದನ್ನು ತರಲು ಇನ್ನೊಬ್ಬರನ್ನು ಓಡಿಸಿ. ಆನ್ ಮಾಡಿದರೆ ಅದೇ ಮಾತಾಡುತ್ತದೆ, ಅದೇ ಗೆರೆ ಓದುತ್ತದೆ. ನೇರ ಗೆರೆ ಇದ್ದರೆ ನೀವು ಎಷ್ಟು ಬೇಡಿಕೊಂಡರೂ ಶಾಕ್ ಕೊಡುವುದಿಲ್ಲ, ಸೀರಿಯಲ್ ಬರೆಯುವವರಿಗಿಂತ ಅದಕ್ಕೆ ಹೆಚ್ಚು ಗೊತ್ತು. ಅದು ಗೆರೆ ಓದುವಾಗ, ಶಾಕ್ ಕೊಡುವಾಗ ಯಾರೂ ಮೈ ಮುಟ್ಟಬಾರದು. ಎದೆ ಒದ್ದೆಯಿದ್ದರೆ ಒರೆಸಿ. ಪ್ಯಾಡ್ ಚರ್ಮಕ್ಕೇ ಅಂಟಬೇಕು, ಆದ್ದರಿಂದ ಅಂಗಿಯಾಗಲಿ ರವಿಕೆಯಾಗಲಿ ಕತ್ತರಿಸಿ. ಹೆಂಗಸರು ಕುಸಿದಾಗ ಎದೆ ಮುಟ್ಟಲು ಹಿಂಜರಿದು ಜನ ಹಿಂದೆ ಸರಿಯುತ್ತಾರೆ, ಅವರಿಗೆ ದಾರಿಹೋಕರಿಂದ ಸಿಪಿಆರ್ ಸಿಗುವುದು ಗಂಡಸರಿಗಿಂತ ಕಡಿಮೆ. ಬಟ್ಟೆಯ ಚಿಂತೆ ಅವರಿಗೆ ಎಚ್ಚರವಾದ ಮೇಲೆ ಮಾಡೋಣ. ಕತ್ತರಿ ಬಹುತೇಕ ಆ ಪೆಟ್ಟಿಗೆಯಲ್ಲೇ ಇರುತ್ತದೆ.