ದೊಡ್ಡ ಕಾರಿದ್ದರೆ ಪಾರ್ಟಿ ಗಟ್ಟಿ ಅಂತ ಅಲ್ವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ದಾವಣಗೆರೆಯಲ್ಲಿ ಆಡಿಟರ್. ಮಂಡಿಪೇಟೆಯ ದಲಾಲಿ ಅಂಗಡಿಗಳು, ಅಕ್ಕಿ ಗಿರಣಿಗಳು, ಕಂಟ್ರಾಕ್ಟರುಗಳು, ಚೌಕಿಪೇಟೆಯ ವ್ಯಾಪಾರಸ್ಥರು, ಚನ್ನಗಿರಿ ಕಡೆಯ ಅಡಿಕೆ ಖೇಣಿದಾರರು (ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರು), ಹೀಗೆ ನಾನಾ ಥರದವರ ಲೆಕ್ಕ ನೋಡುವುದು ನನ್ನ ಕೆಲಸ. ಹಾಗಾಗಿ ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದರೂ ಯಾರೋ ಒಬ್ಬರು ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳುತ್ತಾರೆ: "ಸರ್, ಅವ್ರ ಹತ್ರ ಫಾರ್ಚೂನರ್ ಐತೆ, ಮಗ ಬೇರೆ ಮೊನ್ನೆ ಬಿಎಂಡಬ್ಲ್ಯೂ ತಗೊಂಡಾನೆ. ಪಾರ್ಟಿ ಗಟ್ಟಿ ಅಲ್ವಾ?" ಕೇಳುವವರಲ್ಲಿ ಒಬ್ಬರಿಗೆ ಮಾಲು ಉದ್ರಿ ಕೊಡಬೇಕಿರುತ್ತದೆ, ಇನ್ನೊಬ್ಬರಿಗೆ ಕೈಗಡ ಕೊಡಬೇಕಿರುತ್ತದೆ, ಮತ್ತೊಬ್ಬರಿಗೆ ಮಗಳನ್ನೇ ಕೊಡಬೇಕಿರುತ್ತದೆ.

ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳುವುದು ನನ್ನ ವೃತ್ತಿಯಲ್ಲಿ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಪ್ರಶ್ನೆಗೆ ಉತ್ತರ ಇದೆ. ಕಾರು ನೋಡಿ ಆಸಾಮಿಯ ಹತ್ತಿರ ದುಡ್ಡಿದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎನ್ನುವುದಂತೂ ಇನ್ನೂ ದೂರದ ಮಾತು.

ಮೊದಲು ದುಡ್ಡಿನ ಮಾತು ಮುಗಿಸೋಣ. ಷೋರೂಮಿನಲ್ಲಿ 55 ಲಕ್ಷದ ಕಾರು ಅಂದುಕೊಳ್ಳಿ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್, ಆಮೇಲೆ ಇನ್ಶೂರೆನ್ಸ್. ರಸ್ತೆಗೆ ಇಳಿಯುವ ಹೊತ್ತಿಗೆ 70 ಲಕ್ಷದ ಹತ್ತಿರ ಬರುತ್ತದೆ. 14 ಲಕ್ಷ ಕೈಯಿಂದ ಕಟ್ಟಿ, ಉಳಿದ 56 ಲಕ್ಷಕ್ಕೆ 9 ಪರ್ಸೆಂಟ್ ಬಡ್ಡಿಯಲ್ಲಿ ಏಳು ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 90,000 ರೂಪಾಯಿ. ಏಳು ವರ್ಷದಲ್ಲಿ ಬಡ್ಡಿಯೇ 19 ಲಕ್ಷ ದಾಟುತ್ತದೆ. ಅಂದರೆ ಬೀದಿಯಲ್ಲಿ ಆ ಕಾರು ನೋಡಿ ನಾವು "ಕೋಟ್ಯಧಿಪತಿ" ಅನ್ನುತ್ತೇವಲ್ಲ, ಆ ದಿನ ಅವನ ಕೈಯಿಂದ ನಿಜವಾಗಿ ಹೋಗಿರುವುದು 14 ಲಕ್ಷ. ಅದೂ ಅವನದೇ ದುಡ್ಡು ಎನ್ನುವಂತಿಲ್ಲ. ವ್ಯಾಪಾರಕ್ಕೆ ಅಂತ ಬ್ಯಾಂಕ್ ಕೊಟ್ಟ ಓವರ್‌ಡ್ರಾಫ್ಟ್ ಸಾಲದ ಖಾತೆಯಿಂದ, ಅಂದರೆ ಭತ್ತ ಕೊಳ್ಳುವುದಕ್ಕೋ ಸಿಮೆಂಟ್ ಕೊಳ್ಳುವುದಕ್ಕೋ ಇದ್ದ ದುಡ್ಡಿನಿಂದ, ಡೌನ್ ಪೇಮೆಂಟ್ ಕಟ್ಟಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಮುಂದೆ ಸುಗ್ಗಿಯಲ್ಲಿ ಭತ್ತ ಬಂದಾಗ ರೈತನಿಗೆ ಕೊಡಲು ದುಡ್ಡು ಇರುವುದಿಲ್ಲ. ರೈತ ಮಂಡಿಗೆ ಅಲೆಯುತ್ತಾನೆ, ಕಾರು ಮಾತ್ರ ಮಂಡಿಯ ಮುಂದೆಯೇ ನಿಂತಿರುತ್ತದೆ.

ಇನ್ನೊಂದು, ಕಾರು ಫರ್ಮ್ ಹೆಸರಿನಲ್ಲಿ ಇರುವುದು. ಆಯುಧ ಪೂಜೆಗೆ ಮುಂಚೆ ನನ್ನ ಆಫೀಸಿಗೆ ಸಾಲಾಗಿ ಫೋನ್ ಬರುತ್ತವೆ. "ಸರ್, ಈಗ ತಗೊಂಡ್ರೆ ಟ್ಯಾಕ್ಸ್ ಉಳಿಯುತ್ತಂತಲ್ಲ?" ಆದಾಯ ತೆರಿಗೆ ಲೆಕ್ಕದಲ್ಲಿ ಕಾರಿಗೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ ಸಿಗುತ್ತದೆ, ಅಂದರೆ ಕಾರು ಸವೆದು ಇಳಿಯುವ ಬೆಲೆಯನ್ನು ಖರ್ಚು ಎಂದು ತೋರಿಸಬಹುದು, ನಿಜ. ಮಾರ್ಚ್ ಕೊನೆಯೊಳಗೆ 180 ದಿನ ಬಳಸಿರದಿದ್ದರೆ ಅದರ ಅರ್ಧ ಮಾತ್ರ, ಅದಕ್ಕೇ ಸೆಪ್ಟೆಂಬರ್ ಕೊನೆಯ ಈ ಗಡಿಬಿಡಿ. 60 ಲಕ್ಷದ ಕಾರಿಗೆ ಮೊದಲ ವರ್ಷ 9 ಲಕ್ಷ ಸವಕಳಿ, 30 ಪರ್ಸೆಂಟ್ ತೆರಿಗೆ ಕಟ್ಟುವ ಫರ್ಮಿಗೆ ಉಳಿಯುವುದು 2.7 ಲಕ್ಷ. ಅದಕ್ಕಾಗಿ 60 ಲಕ್ಷ ಖರ್ಚು. ಕೊಟ್ಟ ಜಿಎಸ್‌ಟಿ ಕೂಡ ಇಂಥ ಕಾರಿಗೆ ವಾಪಸ್ ಸಿಗುವುದಿಲ್ಲ. ಕಾರು ನಿಜಕ್ಕೂ ಬೇಕಿದ್ದರೆ ತೆಗೆದುಕೊಳ್ಳಿ, ತೆರಿಗೆ ಉಳಿಸಲು ಅಂತ ತೆಗೆದುಕೊಳ್ಳಬೇಡಿ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಹಾಗಂತ ಫರ್ಮ್ ಹೆಸರಿನಲ್ಲಿ ಕಾರು ಇಡುವುದು ತಪ್ಪೇನಲ್ಲ. ನೋಡುವವರಿಗೆ ನಾನು ಹೇಳುವುದು ಇಷ್ಟೇ: ಆ ಕಾರು ಆ ಮನುಷ್ಯನ ಆಸ್ತಿ ಎಂದು ಎಣಿಸಬೇಡಿ. ಅದರ ಮೇಲೆ ಬ್ಯಾಂಕಿನ ಹಕ್ಕಿದೆ, ಪಾಲುದಾರರ ಪಾಲಿದೆ, ಮಾಲು ಕೊಟ್ಟು ಕಾಯುತ್ತಿರುವವರ ಬಾಕಿಯೂ ಇದೆ.

ತೆರಿಗೆಯನ್ನೇ ಕಟ್ಟದೆ ಓಡಾಡುವ ಕಾರುಗಳೂ ಇವೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಫೆರಾರಿ, ಪೋರ್ಷೆ ಸೇರಿ 30 ಐಷಾರಾಮಿ ಕಾರುಗಳನ್ನು ಹಿಡಿದರು. ಹೊರ ರಾಜ್ಯದ ನೋಂದಣಿ, ಓಡಾಟ ಇಲ್ಲಿ, ಇಲ್ಲಿಯ ತೆರಿಗೆ ಮಾತ್ರ ಬಾಕಿ. ಅದೇ ವರ್ಷ ಜುಲೈಯಲ್ಲಿ ಒಂದೇ ಒಂದು ಫೆರಾರಿಯಿಂದ 1.42 ಕೋಟಿ ರೂಪಾಯಿ ವಸೂಲಾಯಿತು. ಅಲ್ಲಿಯವರೆಗೆ ಆ ಕಾರಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡ ಹುಡುಗರಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ, ಕಾಣುವಂಥದ್ದೂ ಅಲ್ಲ.

ಇಷ್ಟು ಹೇಳಿದ ತಕ್ಷಣ ಕೆಲವರು ಆ ಕಡೆಯ ತುದಿಗೆ ಹೋಗಿಬಿಡುತ್ತಾರೆ. "ಹಾಗಾದ್ರೆ ದೊಡ್ಡ ಕಾರಿನವರೆಲ್ಲ ಸಾಲಗಾರರು, ಇಲ್ಲ ಅಂದ್ರೆ ಬ್ಲ್ಯಾಕ್ ಮನಿ." ಇದನ್ನೂ ನಾನು ಒಪ್ಪುವುದಿಲ್ಲ. 10 ಲಕ್ಷ ದಾಟಿದ ಕಾರು ಮಾರುವಾಗ ಡೀಲರ್ 1 ಪರ್ಸೆಂಟ್ ತೆರಿಗೆ ವಸೂಲಿ ಮಾಡಿ ಕಟ್ಟಬೇಕು. 2016ರಿಂದ ಇದು ಇದೆ. ಅದು ಕೊಂಡವರ ಪಾನ್ ನಂಬರಿನ ಲೆಕ್ಕದಲ್ಲಿ ಕಾಣುತ್ತದೆ, ಆದಾಯ ತೋರಿಸದೆ ಕಾರು ಕೊಂಡರೆ ಇಲಾಖೆಯಿಂದ ನೋಟಿಸ್ ಬರಬಹುದು. ಕಷ್ಟಪಟ್ಟು ದುಡಿದು, ತೆರಿಗೆ ಕಟ್ಟಿ, ಸಾಲ ಇಲ್ಲದೆ ಬೆಂಜ್ ತೆಗೆದುಕೊಂಡವರು ನನ್ನ ಕಕ್ಷಿದಾರರಲ್ಲೇ ಇದ್ದಾರೆ. ಸಣ್ಣ ವಯಸ್ಸಿನಿಂದ ಕಾರೆಂದರೆ ಪ್ರಾಣ ಅವರಿಗೆ, ಎಂಜಿನ್ ಶಬ್ದ ಕೇಳಿಯೇ ಯಾವ ಗಾಡಿ ಎಂದು ಹೇಳುತ್ತಾರೆ. ಅಂಥವರನ್ನು ಹಿಂದಿನಿಂದ ಕಳ್ಳ ಅನ್ನುವುದು ಯಾವ ನ್ಯಾಯ?

ಹಳೇ ಗಾಡಿಯನ್ನು ಗುಣದ ಸರ್ಟಿಫಿಕೇಟ್ ಮಾಡಿಕೊಳ್ಳುವುದೂ ಅಷ್ಟೇ ತಪ್ಪು. ವಿಪ್ರೋ ಕಂಪನಿಯ ಅಜೀಂ ಪ್ರೇಮ್‌ಜಿ ಬಹಳ ವರ್ಷ ಫೋರ್ಡ್ ಎಸ್ಕಾರ್ಟ್ ಓಡಿಸಿದರು, ಆಮೇಲೆ ಟೊಯೋಟಾ ಕೊರೊಲ್ಲಾ ತೆಗೆದುಕೊಂಡರು ಎನ್ನುವ ಕಥೆಯನ್ನು ಎಲ್ಲರೂ ಒಬ್ಬರಿಗೊಬ್ಬರು ಕಳಿಸುತ್ತಾರೆ. ನನಗೆ ಅವರ ಮೇಲೆ ಗೌರವ ಬರುವುದು 2019ರ ಹೊತ್ತಿಗೆ 1.45 ಲಕ್ಷ ಕೋಟಿ ರೂಪಾಯಿ ಬೆಲೆಯ ಪಾಲನ್ನು ತಮ್ಮ ಫೌಂಡೇಶನ್ನಿಗೆ ಬರೆದುಕೊಟ್ಟಿದ್ದರು ಎನ್ನುವುದಕ್ಕೆ. ಕಾರು ಯಾವುದಾಗಿದ್ದರೂ ಆ ಗೌರವ ಹಾಗೇ ಇರುತ್ತಿತ್ತು. ಯಾಕೆ ಹೇಳುತ್ತೇನೆಂದರೆ, ಹಳೇ ಸ್ಕೂಟರಿನಲ್ಲಿ ಬಂದು, ಹವಾಯಿ ಚಪ್ಪಲಿ ಹಾಕಿಕೊಂಡು, ಹಮಾಲರ ಕೂಲಿಯಲ್ಲಿ ಹಿಡಿದುಕೊಂಡು, ಕೆಲಸದವರ ಪಿಎಫ್ ಕಟ್ಟದೆ ದುಡ್ಡು ಗುಡ್ಡೆ ಹಾಕುವವರನ್ನೂ ನೋಡಿದ್ದೇನೆ. ಊರಲ್ಲಿ ಅವರನ್ನು "ಎಷ್ಟು ಸಿಂಪಲ್ ಮನುಷ್ಯ" ಎನ್ನುತ್ತಾರೆ.

ಈಗ ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯಕ್ಕೆ ಬರುತ್ತೇನೆ. ನನ್ನ ಕಕ್ಷಿದಾರರೊಬ್ಬರು ದಲಿತ ಸಮುದಾಯದವರು, ಸಣ್ಣ ಕಂಟ್ರಾಕ್ಟರ್. 2017ರಲ್ಲಿ ರಾಜ್ಯ ಸರ್ಕಾರ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಾತಿ ತಂದ ಮೇಲೆ ಈ ಕೆಲಸಕ್ಕೆ ಇಳಿದವರು. ಅವರ ಮನೆಯಲ್ಲಿ ಇವರಿಗಿಂತ ಮುಂಚೆ ಯಾರೂ ಟೆಂಡರ್ ಹಾಕಿದವರಲ್ಲ. ಚೊಕ್ಕ ಲೆಕ್ಕ, ಒಂದು ಬಿಲ್ಲೂ ಕಳೆದುಕೊಳ್ಳುವುದಿಲ್ಲ. ಒಂದು ದಿನ ಸೆಕೆಂಡ್ ಹ್ಯಾಂಡ್ ಫಾರ್ಚೂನರ್ ತೆಗೆದುಕೊಳ್ಳುತ್ತೇನೆ ಎಂದರು. ನಾನು ಕಂತು, ಬಡ್ಡಿ, ಸರ್ಕಾರದಿಂದ ಬರಬೇಕಾದ ಬಿಲ್ಲು ಎಲ್ಲ ಬರೆದು ತೋರಿಸಿದೆ. ಬಿಲ್ಲು ತಿಂಗಳುಗಟ್ಟಲೆ ಕೂರುತ್ತದೆ, ಕಂತು ಒಂದು ದಿನವೂ ಕಾಯುವುದಿಲ್ಲ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ಸರ್, ನೀವು ಹೇಳೋದು ನಂಗೂ ಗೊತ್ತೈತೆ. ಬೈಕಲ್ಲಿ ಹೋದ್ರೆ ನಿಂತ್ಕೊಂಡೇ ಮಾತಾಡಿ ಕಳಿಸ್ತಾರೆ. ದೊಡ್ಡ ಗಾಡೀಲಿ ಇಳಿದ್ರೆ ಕುರ್ಚಿ ಕೊಡ್ತಾರೆ. ಜಲ್ಲಿ, ಸಿಮೆಂಟು ಉದ್ರಿ ಸಿಗ್ತತೆ. ನಮ್ಮಂಥೋರಿಗೆ ಇದು ಷೋಕಿ ಅಲ್ಲ ಸರ್."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ನಾನು ಬರೆದುಕೊಂಡಿದ್ದ ಕಾಗದದಲ್ಲಿ ಕುರ್ಚಿಗೆ ಒಂದು ಕಾಲಂ ಇರಲಿಲ್ಲ, ಅಷ್ಟೇ. ತಲೆಮಾರುಗಳಿಂದ ಊರಲ್ಲಿ ಮನೆತನ, ಜಮೀನು, ಹೆಸರು ಇರುವವರು ಹಳೇ ಮಾರುತಿಯಲ್ಲಿ ಬಂದರೂ "ಬನ್ನಿ ಯಜಮಾನ್ರೇ" ಅನ್ನುತ್ತಾರೆ. ಸರಳತೆ ಅವರಿಗೆ ಸುಲಭ. ಹೆಸರೇ ಇಲ್ಲದವನು ಗೌರವವನ್ನು ಪ್ರತಿ ತಿಂಗಳು ಕಂತು ಕಟ್ಟಿ ಕೊಂಡುಕೊಳ್ಳಬೇಕು. ಆಮೇಲೆ ಅದೇ ಜನ ಹಿಂದಿನಿಂದ, "ಇವನಿಗೆ ಯಾಕೆ ಬೇಕಿತ್ತು ಇದೆಲ್ಲ" ಅನ್ನುತ್ತಾರೆ. ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಆ ಸಾಲ ಮಾಡಿಸಿದ್ದು ನಾವೇ ಅಲ್ವಾ? ಬೈಕಿನಲ್ಲಿ ಬಂದಾಗ ಅವರನ್ನು ಕೂರಿಸಿದ್ದರೆ ಆ ಬಡ್ಡಿ ದುಡ್ಡಿನಲ್ಲಿ ಒಂದು ಮಿಕ್ಸರ್ ಯಂತ್ರ ಬರುತ್ತಿತ್ತು, ಇನ್ನಿಬ್ಬರಿಗೆ ಕೆಲಸ ಸಿಗುತ್ತಿತ್ತು.

ಇನ್ನೊಬ್ಬರು ಮಂಡಕ್ಕಿ ಭಟ್ಟಿ ನಡೆಸುವ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಭಟ್ಟಿಯನ್ನು ತಾವೇ ಹಿಡಿದವರು. ಆಟೊದಲ್ಲಿ ಬರುತ್ತಾರೆ, ಬಟ್ಟೆ ಚೀಲದಲ್ಲಿ ಬಿಲ್ಲುಗಳನ್ನು ತರುತ್ತಾರೆ. ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟವರಲ್ಲ. ಆದರೂ ಭತ್ತ ಕೊಡುವವರು ಅವರ ಹತ್ತಿರ ಮುಂಗಡ ದುಡ್ಡು ಕೇಳುತ್ತಾರೆ. ಅದೇ ವ್ಯಾಪಾರಿಗಳು ಕಾರಿನವನಿಗೆ ಲೋಡುಗಟ್ಟಲೆ ಉದ್ರಿ ಕೊಟ್ಟು ಆಮೇಲೆ ವಸೂಲಿಗೆ ನನ್ನ ಹತ್ತಿರ ದಾರಿ ಕೇಳುತ್ತಾರೆ. ಕಾರು ನೋಡಿ ಅಳೆಯುವುದರ ನಷ್ಟ ಬರೀ ಮನಸ್ಸಿಗೆ ಆಗುವ ಬೇಜಾರಲ್ಲ. ಮುಂಗಡ ಕೊಡಬೇಕಾದ ಕಡೆ ಭಟ್ಟಿ ಸಣ್ಣದಾಗಿಯೇ ಉಳಿಯುತ್ತದೆ.

ಹಾಗಾದರೆ ಏನು ನೋಡಬೇಕು? ನಾನು ಬ್ಯಾಲೆನ್ಸ್ ಶೀಟ್ ಕೈಗೆ ಬಂದರೆ ಮೊದಲು ನೋಡುವುದು ಕೊಡಬೇಕಾದ ಬಾಕಿಯ ಪಟ್ಟಿ. ಯಾರಿಗೆ ಎಷ್ಟು, ಎಷ್ಟು ದಿನದಿಂದ. ಸಣ್ಣ ಉದ್ಯಮದವರಿಗೆ 45 ದಿನ ದಾಟಿಸಿ ದುಡ್ಡು ಕೊಟ್ಟರೆ, ಬರಹದಲ್ಲಿ ಕರಾರು ಇಲ್ಲದಿದ್ದರೆ 15 ದಿನ ದಾಟಿಸಿದರೆ, ಮಾರ್ಚ್ ಕೊನೆಗೂ ಬಾಕಿ ಇದ್ದದ್ದನ್ನು ಆ ವರ್ಷದ ಖರ್ಚು ಎಂದು ತೋರಿಸುವಂತಿಲ್ಲ ಎನ್ನುವ ನಿಯಮ 2024-25ರ ಅಸೆಸ್‌ಮೆಂಟ್ ವರ್ಷದಿಂದ, ಅಂದರೆ 2023-24ರ ಲೆಕ್ಕದಿಂದ ಬಂದಿದೆ. ಬಂದಾಗ ಬಹಳ ಜನ ಬೈದರು. ನನಗೆ ಖುಷಿಯಾಯಿತು. ಪ್ಲಾಸ್ಟಿಕ್ ಚೀಲ ಹೊಲಿದು ಕೊಡುವವನ ದುಡ್ಡನ್ನು ಆರು ತಿಂಗಳು ಹಿಡಿದಿಟ್ಟು ಕಾರಿನ ಕಂತು ಮಾತ್ರ ಐದನೇ ತಾರೀಕಿಗೆ ಕಟ್ಟುವ ಲೆಕ್ಕ ಎಷ್ಟೋ ಕಡೆ ನಡೆಯುತ್ತಿತ್ತು.

ವಿಜಯ್ ಮಲ್ಯ ವಿಷಯ ಎಲ್ಲರಿಗೂ ಗೊತ್ತು. ಹಳೇ ಕಾರುಗಳ ಸಂಗ್ರಹ, ವಿಹಾರ ನೌಕೆ, ಪಾರ್ಟಿ, ಎಲ್ಲ ಪತ್ರಿಕೆಗಳಲ್ಲಿ ನೋಡಿದೆವು, ಮೆಚ್ಚಿದವರೂ ಕಡಿಮೆ ಇರಲಿಲ್ಲ. ಅವರ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ನಿಂತಾಗ ಕೆಲಸಗಾರರಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ. ಸಂಬಳದ ತಾರೀಕು ನೋಡಿಕೊಂಡು ಬಂದವರಿಗೆ ಆ ಕಂಪನಿಯ ಪರಿಸ್ಥಿತಿ ವಿಮಾನಗಳು ನಿಲ್ಲುವ ಮೊದಲೇ ಗೊತ್ತಿತ್ತು.

ನಿಮಗೆ ಬ್ಯಾಲೆನ್ಸ್ ಶೀಟ್ ಸಿಗುವುದಿಲ್ಲ, ಸರಿ. ಆದರೂ ನೋಡಬಹುದಾದ್ದು ಬೇಕಾದಷ್ಟಿದೆ, ಸುಮ್ನೆ ಕಾರು ನೋಡಿ ನಂಬಬೇಕಿಲ್ಲ. ಬಿಲ್ಲಿನ ಮೇಲಿರುವ ಜಿಎಸ್‌ಟಿ ನಂಬರ್ ಹಾಕಿದರೆ ರಿಟರ್ನ್ ಸರಿಯಾಗಿ ಸಲ್ಲಿಸಿದ್ದಾರಾ ಇಲ್ಲವಾ ಎನ್ನುವುದು ಜಿಎಸ್‌ಟಿ ಜಾಲತಾಣದಲ್ಲಿ ಯಾರಿಗಾದರೂ ಕಾಣುತ್ತದೆ. ಜಮೀನಿನ ಮಾತು ಬಂದರೆ ಪಹಣಿಯ 11ನೇ ಕಾಲಂ ನೋಡಿ, ಋಣ ಇದ್ದರೆ ಅಲ್ಲಿ ನಮೂದಾಗಿರುತ್ತದೆ. ಸೈಟು, ಮನೆ ಆದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಯಾವ ಬ್ಯಾಂಕಿಗೆ ಏನು ಅಡವಿಟ್ಟಿದ್ದಾರೆ ಎನ್ನುವುದು ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿ ಇರುತ್ತದೆ. ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಅವರ ಜೊತೆ ಮೊದಲೇ ವ್ಯವಹಾರ ಮಾಡಿದ ಸಣ್ಣವರನ್ನು ಕೇಳುವುದು. ಲಾರಿ ಬಾಡಿಗೆಯವನು, ಹಮಾಲರ ಮೇಸ್ತ್ರಿ, ಬಡಗಿ. ದೊಡ್ಡ ವ್ಯಾಪಾರಿಗಳು ಮುಲಾಜಿಗೆ ಚೆನ್ನಾಗಿದೆ ಅನ್ನುತ್ತಾರೆ, ಇವರು ಹಾಗೆ ಅನ್ನುವುದಿಲ್ಲ.

ಮಗಳನ್ನು ಕೊಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ಬೇರೆ. ಹುಡುಗನ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಮತ್ತು ಸಾಲದ ವಿವರ ಕೇಳಿ, ನಿಮ್ಮ ಮಗಳ ಸಂಬಳ, ಸಾಲದ ವಿವರವನ್ನೂ ಅವರ ಮುಂದೆ ಇಡಿ. "ಹಂಗೆಲ್ಲ ಹೆಂಗ್ ಕೇಳೋದು ಸರ್, ತಪ್ಪು ತಿಳ್ಕೊಂತಾರೆ" ಎನ್ನುತ್ತಾರೆ. ಎರಡೂ ಮನೆಯವರು ಜಾತಕವನ್ನು ಸಂಕೋಚ ಇಲ್ಲದೆ ಕೇಳುತ್ತಾರೆ, ಇದನ್ನೂ ಕೇಳಬಹುದು. ಕಾಗದ ಓದುವುದು ಗೊತ್ತಾಗದಿದ್ದರೆ ಆಫೀಸಿಗೆ ತನ್ನಿ, ಮಗಳನ್ನೂ ಕರೆದುಕೊಂಡು ಬನ್ನಿ. ಅದಕ್ಕೆ ನಾನು ಫೀ ತೆಗೆದುಕೊಳ್ಳುವುದಿಲ್ಲ.